ಹಳೇ ಧ್ಯಾನಿಗಳ ನಡುವಿನ ಸಣ್ಣ ಜಗಳ: ಬೆಳೆಯದ ಹಾಗೆ ನೋಡಿಕೊಳ್ಳುವುದು ಹೇಗೆ?

ಹತ್ತು ಹದಿನೈದು ವರ್ಷ ಧ್ಯಾನ ಮಾಡಿದವರು ಒಂದು ಕಡೆ ಸೇರಿದರೆ ಜಗಳವೇ ಆಗುವುದಿಲ್ಲ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಒಳಗಿದ್ದವರಿಗೆ ಗೊತ್ತು, ಆಗುತ್ತದೆ. ಅದೂ ಎಂಥೆಂಥ ವಿಷಯಕ್ಕೆ! ಉಸಿರನ್ನು ಮೂಗಿನ ಹತ್ತಿರ ನೋಡಬೇಕಾ, ಹೊಟ್ಟೆಯ ಹತ್ತಿರ ನೋಡಬೇಕಾ. ಕಣ್ಣು ಪೂರ್ತಿ ಮುಚ್ಚಬೇಕಾ, ಅರ್ಧ ತೆರೆದಿರಬೇಕಾ. ಕುರ್ಚಿ ಮೇಲೆ ಕೂತರೆ ನಡೆಯುತ್ತಾ. ಗಂಟೆಯನ್ನು ಎರಡು ನಿಮಿಷ ತಡವಾಗಿ ಹೊಡೆದದ್ದು ಯಾಕೆ.

ಇಂಥ ಜಗಳ ಹೆಚ್ಚುಕಡಿಮೆ ಹೀಗೆ ಶುರುವಾಗುತ್ತದೆ.

"ಹೊಟ್ಟೆ ಏರಿಳಿಯೋದನ್ನ ನೋಡೋದು ಹೊಸಬರಿಗೆ ಸರಿ."

"ಹೊಸಬರಿಗೆ ಅಂದ್ರೆ? ನಾನು ಇಷ್ಟು ವರ್ಷದಿಂದ ಅದನ್ನೇ ಮಾಡ್ತಿರೋದು."

"ಬೇಜಾರು ಮಾಡ್ಕೋಬೇಡಿ. ಈ ಮಾತು ನಿಮಗೆ ಯಾಕೆ ಇಷ್ಟು ಚುಚ್ತು ಅಂತ ಸ್ವಲ್ಪ ಒಳಗೆ ನೋಡ್ಕೊಳ್ಳಿ."

ಮೊದಲ ಎರಡು ಮಾತಿನ ತನಕ ವಿಷಯ ಉಸಿರಿನದು. ಮೂರನೇ ಮಾತಿಗೆ ಅದು ಬದಲಾಯಿತು. ಒಬ್ಬರು ಇನ್ನೊಬ್ಬರ ಮನಸ್ಸಿನ ಒಳಗೆ ಕೈ ಹಾಕಿದರು. ಇನ್ನು ಉಸಿರಿನ ಬಗ್ಗೆ ಎಷ್ಟೇ ಒಳ್ಳೆಯ ಮಾಹಿತಿ ಕೊಟ್ಟರೂ ಜಗಳ ನಿಲ್ಲುವುದಿಲ್ಲ. ಧ್ಯಾನದ ಬಳಗಗಳು ಒಡೆಯುವುದು ಪದ್ಧತಿ ಬೇರೆ ಬೇರೆ ಆಗಿರುವುದರಿಂದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಆ ಮೂರನೇ ಮಾತೇ ಬಳಗವನ್ನು ಒಡೆಯುವುದು. ಮುಂದೆ ಬರುವ ಹೆಜ್ಜೆಗಳೆಲ್ಲ ಆ ಮಾತು ಬಾಯಿಂದ ಹೊರಡದ ಹಾಗೆ, ಹೊರಟಿದ್ದರೆ ಅದು ಬೆಳೆಯದ ಹಾಗೆ ನೋಡಿಕೊಳ್ಳುವುದಕ್ಕೆ.

ಇಷ್ಟು ವರ್ಷ ಕೂತಮೇಲೂ ಯಾಕೆ?

ಈ ಪ್ರಶ್ನೆ ಬಹಳ ಹಳೆಯದು. ಆರಾಮದಂಡ ಎಂಬ ಬ್ರಾಹ್ಮಣ ಬುದ್ಧನ ಶಿಷ್ಯ ಮಹಾಕಚ್ಚಾನನನ್ನು ಇದನ್ನೇ ಕೇಳಿದ ಅಂತ ಪಾಲಿ ಗ್ರಂಥಗಳಲ್ಲಿದೆ. ಗೃಹಸ್ಥರು ಗೃಹಸ್ಥರ ಜೊತೆ ಯಾಕೆ ಜಗಳ ಆಡುತ್ತಾರೆ? ಸುಖ ಕೊಡುವ ವಸ್ತುಗಳ ಮೇಲಿನ ಮೋಹದಿಂದ ಅಂತ ಮಹಾಕಚ್ಚಾನ ಹೇಳಿದ. ಹಾಗಾದರೆ ಶ್ರಮಣರು, ಅಂದರೆ ಮನೆ ಬಿಟ್ಟ ಸನ್ಯಾಸಿಗಳು, ಶ್ರಮಣರ ಜೊತೆ ಯಾಕೆ? ಅದಕ್ಕೆ ಅವನ ಉತ್ತರ, ತಮ್ಮ ದೃಷ್ಟಿಯ ಮೇಲಿನ, ಅಂದರೆ ತಾವು ನಂಬಿದ್ದರ ಮೇಲಿನ ಮೋಹದಿಂದ.

ಬೌದ್ಧರ ಲೆಕ್ಕದಲ್ಲಿ ಅಂಟಿಕೊಳ್ಳುವುದು ನಾಲ್ಕು ಬಗೆ. ಸುಖಕ್ಕೆ ಅಂಟುವುದು, ಅಭಿಪ್ರಾಯಕ್ಕೆ ಅಂಟುವುದು, ವ್ರತ ನಿಯಮಗಳಿಗೆ ಅಂಟುವುದು, 'ನಾನು' ಎಂಬುದಕ್ಕೆ ಅಂಟುವುದು. ಧ್ಯಾನ ಮಾಡುವವರು ಮೊದಲನೆಯದರಲ್ಲಿ ಸಾಕಷ್ಟು ಬಿಟ್ಟಿರುತ್ತಾರೆ. ಬೆಳಗಿನ ನಿದ್ದೆ ಬಿಟ್ಟಿರುತ್ತಾರೆ, ರಜೆಗಳನ್ನೆಲ್ಲ ಶಿಬಿರಕ್ಕೆ ಕೊಟ್ಟಿರುತ್ತಾರೆ. ಅಷ್ಟು ಬಿಟ್ಟು ಹಿಡಿದುಕೊಂಡಿರುವುದು ಒಂದೇ ಪದ್ಧತಿ. ಅದರ ಮೇಲೆ ಜೀವ ಇರುವುದು ಸಹಜ. "ಅದು ಹೊಸಬರಿಗೆ" ಅಂತ ಯಾರಾದರೂ ಅಂದರೆ ಇಷ್ಟು ವರ್ಷ ನೀವು ಮಾಡಿದ್ದು ದಂಡ ಅಂತಲೇ ಕಿವಿಗೆ ಬೀಳುತ್ತದೆ.

ಇನ್ನೊಂದು ಕಾರಣವೂ ಇದೆ. ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಧ್ಯಾನದ ಗೆಳೆಯರು ವರ್ಷಗಟ್ಟಲೆ ಪಕ್ಕಪಕ್ಕದಲ್ಲೇ ಕೂತಿರುತ್ತಾರೆ, ಆದರೆ ಮೌನದಲ್ಲಿ. ಪಕ್ಕದವರು ಹೇಗೆ ಕೂರುತ್ತಾರೆ, ಅವರ ಉಸಿರು ಹೇಗೆ ಕೇಳಿಸುತ್ತದೆ ಎಲ್ಲ ಗೊತ್ತು. ಅವರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಕೆಲಸ ಉಳಿದಿದೆಯೋ ಹೋಗಿದೆಯೋ ಅದು ಗೊತ್ತಿಲ್ಲ. ಬೇರೆ ಸ್ನೇಹದಲ್ಲಾದರೆ "ಪಾಪ, ಅವರಿಗೆ ಈಗ ಕಷ್ಟದ ಸಮಯ" ಅಂತ ಒಂದು ಒರಟು ಮಾತನ್ನು ಬಿಟ್ಟುಬಿಡುತ್ತೇವೆ. ಇಲ್ಲಿ ಹಾಗೆ ಬಿಡುವುದಕ್ಕೆ ನಮ್ಮ ಹತ್ತಿರ ಏನೂ ಇರುವುದಿಲ್ಲ. ಮಾತು ಮಾತ್ರ ಉಳಿಯುತ್ತದೆ.

1. ಇದು ಯಾವ ಬಗೆಯ ಜಗಳ ಅಂತ ಮೊದಲು ನೋಡಿ

ಎಷ್ಟೋ ಜಗಳ ಈ ಹಂತದಲ್ಲೇ ಮುಗಿದುಹೋಗುತ್ತವೆ. ಬರೀ ಪದ್ಧತಿಯ ವ್ಯತ್ಯಾಸವಾದರೆ ಅದು ಜಗಳದ ವಿಷಯವೇ ಅಲ್ಲ. ಬರ್ಮಾದ ಭಿಕ್ಷು ಮಹಾಸಿ ಸಯಾಡೋ ಅವರ ಪರಂಪರೆಯಲ್ಲಿ ಹೊಟ್ಟೆ ಏರುವುದನ್ನು, ಇಳಿಯುವುದನ್ನು ಗಮನಿಸಿ ಮನಸ್ಸಿನಲ್ಲೇ ಹೆಸರಿಡುತ್ತಾರೆ. ಬರ್ಮಾದವರೇ ಆದ ಊ ಬಾ ಖಿನ್ ಅವರಿಂದ ಅವರ ಶಿಷ್ಯ ಗೋಯೆಂಕಾ ಅವರ ಮೂಲಕ ಬಂದ ವಿಪಶ್ಯನ ಪರಂಪರೆಯಲ್ಲಿ ಮೂಗಿನ ಹೊಳ್ಳೆ ಮತ್ತು ಮೇಲ್ದುಟಿಯ ಜಾಗದಲ್ಲಿ ಉಸಿರನ್ನು ನೋಡಿ, ಆಮೇಲೆ ಇಡೀ ಮೈಯ ಸಂವೇದನೆಗಳನ್ನು ನೋಡುತ್ತಾರೆ. ಜಪಾನಿನ ಸೋಟೋ ಝೆನ್‌ ಪಂಥದವರು ಕಣ್ಣು ಅರೆತೆರೆದು ಕೂರುತ್ತಾರೆ. ಇವು ಬೇರೆ ಬೇರೆ ಅಭ್ಯಾಸಗಳು, ಪ್ರತಿಯೊಂದಕ್ಕೂ ಅದರದೇ ಕ್ರಮವಿದೆ. ಒಂದರ ನಿಯಮ ಹಿಡಿದು ಇನ್ನೊಂದನ್ನು ಅಳೆಯಲು ಹೋದಾಗಲೇ ಮಾತು ಕೆಡುವುದು. "ನಮ್ಮ ಪರಂಪರೆಯಲ್ಲಿ ಹೀಗೆ ಹೇಳಿಕೊಡ್ತಾರೆ" ಅಂತ ವಾಕ್ಯ ಶುರು ಮಾಡಿ. "ಧ್ಯಾನದಲ್ಲಿ ಹೀಗೇ ಮಾಡಬೇಕು" ಅನ್ನುವುದನ್ನು ಬಿಟ್ಟುಬಿಡಿ. ಇಷ್ಟು ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಎರಡನೇ ಬಗೆ ಸ್ವಲ್ಪ ಸೂಕ್ಷ್ಮ. ಇಬ್ಬರೂ ಸರಿಯಾಗೇ ಹೇಳುತ್ತಿರುತ್ತಾರೆ, ಆದರೆ ಇಬ್ಬರ ಲೆಕ್ಕ ಬೇರೆ. ಇದಕ್ಕೆ ನನಗೆ ತುಂಬಾ ಇಷ್ಟವಾದ ಹಳೆಯ ಪ್ರಸಂಗವೊಂದಿದೆ. ಪಂಚಕಂಗ ಎಂಬ ಬಡಗಿ, ಉದಾಯಿ ಎಂಬ ಭಿಕ್ಷು, ಇಬ್ಬರಿಗೂ ವೇದನೆ ಎಷ್ಟು ಬಗೆ ಎಂಬ ವಿಷಯಕ್ಕೆ ವಾದ ಬಂತು. ಇಲ್ಲಿ ವೇದನೆ ಅಂದರೆ ಬರೀ ನೋವಲ್ಲ, ಹಿತ ಅಹಿತ ಅಂತ ಅನಿಸುವ ಎಲ್ಲ ಅನುಭವ. ಭಿಕ್ಷು ಮೂರು ಅಂದ: ಸುಖ, ದುಃಖ, ಎರಡೂ ಅಲ್ಲದ್ದು. ಬಡಗಿ ಎರಡೇ ಅಂದ. ಎರಡೂ ಅಲ್ಲದ್ದು ಶಾಂತವಾದ ಸುಖದಲ್ಲೇ ಸೇರಿತಲ್ಲ ಅನ್ನುವುದು ಅವನ ವಾದ. ಮೂರು ಸಲ ಇವನು ಹೇಳಿದ, ಮೂರು ಸಲ ಅವನು ಹೇಳಿದ. ಯಾರೂ ಪಟ್ಟು ಬಿಡಲಿಲ್ಲ. ಕೇಳಿಸಿಕೊಳ್ಳುತ್ತಿದ್ದ ಬುದ್ಧನ ಶಿಷ್ಯ ಆನಂದ ಹೋಗಿ ಬುದ್ಧನಿಗೆ ತಿಳಿಸಿದ. ಇಬ್ಬರೂ ಹೇಳಿದ್ದು ಸರಿ, ಇಬ್ಬರೂ ಇನ್ನೊಬ್ಬರ ಸರಿಯನ್ನು ಒಪ್ಪಲಿಲ್ಲ ಅಷ್ಟೇ ಅಂದ ಬುದ್ಧ. ತಾನೇ ಒಂದೊಂದು ಸಂದರ್ಭದಲ್ಲಿ ವೇದನೆಯನ್ನು ಎರಡು, ಮೂರು, ಐದು, ಆರು, 18, 36, 108 ಬಗೆ ಅಂತ ಹೇಳಿದ್ದೇನೆ ಅಂದ. ಹೀಗೆ ಬೇರೆ ಬೇರೆ ಲೆಕ್ಕದಲ್ಲಿ ಹೇಳಿದ್ದನ್ನು ಒಪ್ಪಿಕೊಳ್ಳುವವರು ಹಾಲು ನೀರು ಬೆರೆತ ಹಾಗೆ ಇರುತ್ತಾರೆ, ಒಪ್ಪದವರು ಮಾತಿನ ಈಟಿಯಿಂದ ಒಬ್ಬರನ್ನೊಬ್ಬರು ಇರಿಯುತ್ತಾರೆ ಅಂತಲೂ ಹೇಳಿದ.

ಈಗಿನ ಧ್ಯಾನಿಗಳು ಝಾನದ, ಅಂದರೆ ಮನಸ್ಸು ಆಳವಾಗಿ ಏಕಾಗ್ರವಾಗುವ ಸ್ಥಿತಿಯ, ಬಗ್ಗೆ ಆಡುವ ಜಗಳವೂ ಬಹುಮಟ್ಟಿಗೆ ಇಂಥದ್ದೇ. ಹೊರಗಿನ ಶಬ್ದ ಕೂಡ ಕೇಳಿಸದಷ್ಟು ಆಳಕ್ಕೆ ಮನಸ್ಸು ಮುಳುಗಿದರೆ ಮಾತ್ರ ಝಾನ ಅಂತ ಕೆಲವು ಗುರುಗಳು ಹೇಳುತ್ತಾರೆ. ಮನಸ್ಸು ಒಂದೆಡೆ ನಿಂತು ಪ್ರೀತಿ (ಅಂದರೆ ಧ್ಯಾನದಲ್ಲಿ ಉಕ್ಕುವ ಹಿಗ್ಗು), ಸುಖ ಮೈತುಂಬ ಹರಡಿದರೆ ಅದೂ ಝಾನವೇ ಅಂತ ಇನ್ನು ಕೆಲವರು ಕಲಿಸುತ್ತಾರೆ. ಇಬ್ಬರು ಶಿಷ್ಯರು ಎದುರುಬದುರಾದಾಗ "ನಿಮ್ಮದು ಝಾನವೇ ಅಲ್ಲ" ಅಂತ ಒಬ್ಬರು ಅಂದುಬಿಡುತ್ತಾರೆ. ಅದರ ಬದಲು "ನೀವು ಯಾವುದನ್ನು ಝಾನ ಅಂತೀರಿ? ಆಗ ಶಬ್ದ ಕೇಳಿಸುತ್ತಾ? ಮೈ ಇರೋದು ಗೊತ್ತಾಗುತ್ತಾ?" ಅಂತ ಕೇಳಿ. ಅನುಭವ ಹೊರಗೆ ಬರುತ್ತದೆ, ಹೆಸರು ಹಿಂದೆ ಸರಿಯುತ್ತದೆ.

ಗಂಟೆ, ಜಾಗ, ತಡವಾಗಿ ಬರುವುದು, ಜೋರಾಗಿ ಉಸಿರು ಬಿಡುವುದು ಇವೆಲ್ಲ ಬರೀ ವ್ಯವಸ್ಥೆಯ ವಿಷಯ. ಅದಕ್ಕೆ ತತ್ವ ಹಚ್ಚಬೇಡಿ. "ದಯವಿಟ್ಟು ಐದು ನಿಮಿಷ ಮುಂಚೆ ಬನ್ನಿ" ಅಂದರೆ ಸಾಕು.

ಇನ್ನು ಉಳಿದದ್ದು ಹಳೇ ನೋವು. ಯಾವತ್ತೋ ಎಲ್ಲರ ಮುಂದೆ ಒಬ್ಬರು ನಿಮ್ಮ ಮಾತನ್ನು ತಳ್ಳಿಹಾಕಿದ್ದರು. ಈಗ ಅವರು ಏನೇ ಹೇಳಲಿ ನಿಮಗೆ ಅದರಲ್ಲಿ ತಪ್ಪು ಕಾಣುತ್ತದೆ. ಒಬ್ಬರದೇ ಮಾತು ಪದೇ ಪದೇ ನಿಮ್ಮನ್ನು ಕೆಣಕುತ್ತಿದೆ, ಅದೇ ಮಾತನ್ನು ಬೇರೆಯವರು ಹೇಳಿದರೆ ಏನೂ ಅನಿಸುತ್ತಿಲ್ಲ ಅಂದರೆ, ಜಗಳ ಧ್ಯಾನದ ಬಗ್ಗೆ ಅಲ್ಲ ಅಂತ ತಿಳಿಯಿರಿ. ಆ ಹಳೇ ವಿಷಯವನ್ನೇ ಅವರ ಹತ್ತಿರ ಒಬ್ಬರೇ ಹೋಗಿ ಮಾತಾಡಿ.

2. ಉತ್ತರ ಕೊಡುವ ಮುಂಚೆ ಮೈ ನೋಡಿ

ನೀವು ವರ್ಷಗಟ್ಟಲೆ ಕಲಿತ ವಿದ್ಯೆ ಕೆಲಸಕ್ಕೆ ಬರಬೇಕಾದ ಜಾಗ ಇದೇ. ಮಾತು ಕಿವಿಗೆ ಬಿತ್ತು. ಅಹಿತವಾದ ಒಂದು ಸಂವೇದನೆ ಎದ್ದಿತು. ಅದನ್ನು ಮನಸ್ಸು 'ಅವಮಾನ' ಅಂತ ಗುರುತಿಸಿತು. ಆಮೇಲೆ ಯೋಚನೆ, ಯೋಚನೆಯ ಮೇಲೆ ಯೋಚನೆ. ಸ್ಪರ್ಶದಿಂದ ವೇದನೆ, ವೇದನೆಯಿಂದ ಸಂಜ್ಞೆ, ಅಲ್ಲಿಂದ ವಿತರ್ಕ, ಕೊನೆಗೆ ಪ್ರಪಂಚ, ಅಂದರೆ ಕೊನೆಯಿಲ್ಲದೆ ಹರಡುವ ಯೋಚನೆಗಳ ಜಾಲ ಅಂತ ಪಾಲಿ ಸುತ್ತಗಳು, ಅಂದರೆ ಬುದ್ಧನ ಉಪದೇಶದ ಗ್ರಂಥಗಳು, ಇದೇ ಕ್ರಮವನ್ನು ಹೇಳುತ್ತವೆ. ಜಗಳಕ್ಕೆ ಹತ್ಯಾರು ಹಿಡಿಯುವುದರ ಮೂಲವೂ ಇಲ್ಲೇ ಇದೆ ಅಂತಲೂ ಅಲ್ಲಿ ಹೇಳಿದೆ. ಹಳೇ ಧ್ಯಾನಿಗಳಿಗೆ ಇದೆಲ್ಲ ಬಾಯಿಪಾಠ. ಆದರೆ ಇದನ್ನು ಕೂತಾಗ ಮಾತ್ರ ನೋಡುತ್ತೇವೆ, ಮಾತಾಡುವಾಗ ಮರೆತುಬಿಡುತ್ತೇವೆ.

ಹೀಗೆ ಮಾಡಿ. ಮಾತು ಚುಚ್ಚಿದ ಕೂಡಲೇ ಗಮನವನ್ನು ಎದುರಿನವರ ಮೇಲಿಂದ ತೆಗೆದು ನಿಮ್ಮ ದವಡೆಗೆ ತನ್ನಿ. ಹಲ್ಲು ಕಚ್ಚಿದೆಯಾ? ಗಂಟಲು, ಎದೆ, ಹೊಟ್ಟೆ ಎಲ್ಲಿ ಬಿಗಿದಿದೆ? ಕಿವಿ ಬಿಸಿಯಾಗಿದೆಯಾ? ಅಲ್ಲಿ ಏನಾಗುತ್ತಿದೆಯೋ ಅದು ಸ್ವಲ್ಪ ಸಡಿಲವಾಗುವ ತನಕ ಬಾಯಿ ತೆರೆಯಬೇಡಿ. ಸಡಿಲವಾಗದಿದ್ದರೆ "ಇದಕ್ಕೆ ನಾಳೆ ಹೇಳ್ತೀನಿ" ಅಂತ ಹೇಳಿ ಬಿಟ್ಟುಬಿಡಿ. ಬರೆದು ತಿಳಿಸುವುದಾದರೂ ಅಷ್ಟೇ. ಮುಂದಿನ ಸಲ ಧ್ಯಾನಕ್ಕೆ ಕೂತು ಎದ್ದಮೇಲೆ ಇನ್ನೂ ಹೇಳಬೇಕು ಅನಿಸಿದರೆ ಹೇಳಿ. ಬಹಳ ಸಲ ಅನಿಸುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ಸಿಟ್ಟಿನಲ್ಲೂ ದನಿ ಏರಿಸದೆ ಮಾತಾಡಲು ಬರುತ್ತದೆ. ಮುಖ ಶಾಂತ, ಮಾತು ಮೆಲ್ಲಗೆ, ಒಳಗೆ ಕುದಿ. ಎದುರಿನವರಿಗೆ ಅದು ಗೊತ್ತಾಗದೇ ಇರುವುದಿಲ್ಲ. ಕೂಗಾಡುವುದಕ್ಕಿಂತ ಈ ತಣ್ಣನೆಯ ಸಿಟ್ಟು ಜಾಸ್ತಿ ನೋಯಿಸುತ್ತದೆ, ಯಾಕೆಂದರೆ "ನಾನೆಲ್ಲಿ ಸಿಟ್ಟಾದೆ?" ಅಂತ ಕೇಳುವ ದಾರಿ ಅದರಲ್ಲಿ ತೆರೆದೇ ಇರುತ್ತದೆ. ಹಾಗಾಗಿ ದನಿಯನ್ನು ನಂಬಬೇಡಿ. ನಿಮ್ಮನ್ನು ನೀವು ಒಂದು ಪ್ರಶ್ನೆ ಕೇಳಿಕೊಳ್ಳಿ: ಅವರು ಹೇಳಿದ್ದೇ ಸರಿ ಅಂತ ಈಗ ಗೊತ್ತಾದರೆ ನನಗೆ ಸಮಾಧಾನ ಆಗುತ್ತಾ, ಕಸಿವಿಸಿ ಆಗುತ್ತಾ? ಕಸಿವಿಸಿ ಆದರೆ ಇನ್ನೂ ಸ್ವಲ್ಪ ಕಾಯಿರಿ.

3. ಧ್ಯಾನದ ಮಾತಿನಿಂದ ಹೊಡೆಯಬೇಡಿ

"ಅದು ನಿಮ್ಮ ಅಹಂ ಮಾತಾಡ್ತಿರೋದು."

"ನಿಮ್ಮ ಸಮಚಿತ್ತ ಎಲ್ಲಿ ಹೋಯ್ತು?"

"ಇದು ನಿಮ್ಮ ಸಂಸ್ಕಾರ ಮೇಲೆ ಬರ್ತಿದೆ, ಸುಮ್ನೆ ನೋಡಿ."

"ನೀವಿನ್ನೂ ಆ ಹಂತಕ್ಕೆ ಬಂದಿಲ್ಲ, ಬಂದಾಗ ತಿಳಿಯುತ್ತೆ."

ಈ ನಾಲ್ಕು ವಾಕ್ಯಗಳನ್ನು ಇನ್ನೊಬ್ಬರಿಗೆ ಯಾವತ್ತೂ ಹೇಳುವುದಿಲ್ಲ ಅಂತ ಇವತ್ತೇ ನಿರ್ಧಾರ ಮಾಡಿ. ಇವುಗಳಲ್ಲಿ ಎರಡು ಕೆಡುಕಿವೆ. ಒಂದು, ಇವಕ್ಕೆ ಉತ್ತರವೇ ಇಲ್ಲ. "ಇಲ್ಲ, ಇದು ಅಹಂ ಅಲ್ಲ" ಅಂದರೆ ಅದೂ ಅಹಂ ಅಂತಾಗುತ್ತದೆ. ಎದುರಿನವರನ್ನು ಮೂಲೆಗೆ ನೂಕಿದ ಹಾಗೆ. ಎರಡನೆಯದು ಇನ್ನೂ ಕೆಟ್ಟದ್ದು. ಅವರು ತಮ್ಮ ಮೇಲೆ ತಾವೇ ಬಳಸಿಕೊಳ್ಳಬೇಕಾದ ಮಾತನ್ನು ನೀವು ಕಿತ್ತುಕೊಳ್ಳುತ್ತೀರಿ. ಸಮಚಿತ್ತ ಎಂಬ ಮಾತನ್ನು ಒಮ್ಮೆ ಮೂದಲಿಕೆಯಾಗಿ ಕೇಳಿಸಿಕೊಂಡವರಿಗೆ ಮುಂದಿನ ಸಲ ಕೂತಾಗ ಆ ಮಾತು ಕಹಿಯಾಗಿರುತ್ತದೆ. ಒಬ್ಬರ ಅಭ್ಯಾಸಕ್ಕೆ ಹುಳಿ ಹಿಂಡುವುದು ಅಂದರೆ ಇದೇ. ಉಸಿರು ಎಲ್ಲಿ ನೋಡಬೇಕು ಎಂಬ ವಾದದಲ್ಲಿ ಗೆಲ್ಲುವುದಕ್ಕೆ ಇಷ್ಟು ದೊಡ್ಡ ಬೆಲೆ ತೆರಬಾರದು.

ಅದರ ಬದಲಿಗೆ ಏನು ಹೇಳಬಹುದು? ನಿಮ್ಮ ಕಡೆಯಿಂದ ಹೇಳಿ. "ನಿಮ್ಮ ಮಾತು ಕೇಳಿ ನನಗೆ ಬೇಜಾರಾಯ್ತು." "ಹೊಸಬರಿಗೆ ಅಂದಿದ್ದು ನನಗೆ ಸರಿ ಬರಲಿಲ್ಲ, ಯಾಕೆ ಹಾಗೆ ಅಂದ್ರಿ?" "ನನಗೆ ಇದರಿಂದ ಉಪಯೋಗ ಆಗಿದೆ, ನಿಮಗೆ ಆಗದೇ ಇರಬಹುದು." ಇವು ಸಾಧಾರಣ ಮಾತುಗಳು. ಮನೆಯವರ ಜೊತೆ, ಕೆಲಸದವರ ಜೊತೆ ಆಡುವಂಥವು. ಧ್ಯಾನದ ಬಳಗದಲ್ಲಿ ಇಂಥ ಸಾಧಾರಣ ಮಾತು ಇನ್ನಷ್ಟು ಬೇಕು ಅಂತ ನನ್ನ ಅನಿಸಿಕೆ.

ಬೇಜಾರನ್ನು ಬೇಜಾರು ಅಂತ ಹೇಳದೆ ಅದರ ಮೇಲೆ ಅಧ್ಯಾತ್ಮದ ಹೊದಿಕೆ ಹೊದಿಸುವ ಅಭ್ಯಾಸದ ಬಗ್ಗೆ ಮನೋವಿಜ್ಞಾನಿ ಜಾನ್ ವೆಲ್‌ವುಡ್ 1980ರ ದಶಕದಲ್ಲೇ ಎಚ್ಚರಿಸಿದ್ದರು. ತಾವೇ ಬೌದ್ಧ ಧ್ಯಾನ ಮಾಡುತ್ತಿದ್ದವರು ಅವರು. ಬಿಡಿಸಿಕೊಳ್ಳಬೇಕಾದ ಭಾವನೆಗಳನ್ನು ಬಿಡಿಸಿಕೊಳ್ಳದೆ, ಧ್ಯಾನದ ಹೆಸರಲ್ಲಿ ಅವುಗಳ ಪಕ್ಕದಿಂದ ದಾಟಿಹೋಗುವುದನ್ನು ಅವರು ತಮ್ಮ ಸುತ್ತಲಿನ ಸಾಧಕರಲ್ಲೇ ಕಂಡಿದ್ದರು.

4. ಮೊದಲು ಅವರ ಮಾತನ್ನು ಸರಿಯಾಗಿ ಹೇಳಿ

ಇದು ಚಿಕ್ಕ ಹೆಜ್ಜೆ. ನಿಮ್ಮ ವಾದ ಶುರು ಮಾಡುವ ಮುಂಚೆ "ನೀವು ಹೇಳೋದು ಹೀಗೆ, ಸರಿನಾ?" ಅಂತ ಕೇಳಿ. ಅವರು "ಹೌದು" ಅನ್ನುವ ತನಕ ಮುಂದೆ ಹೋಗಬೇಡಿ. ಮೇಲಿನ ಪ್ರಸಂಗದಲ್ಲಿ ಹೊಟ್ಟೆಯ ಏರಿಳಿತ ನೋಡುವವರು ಹೀಗೆ ಕೇಳಿದ್ದರೆ, ಎದುರಿನವರು ಬಹುಶಃ "ಹೊಟ್ಟೆಯ ಚಲನೆ ದೊಡ್ಡದು, ಸುಲಭಕ್ಕೆ ಸಿಗುತ್ತೆ, ಅದಕ್ಕೆ ಹೊಸಬರಿಗೆ ಅನುಕೂಲ ಅಂದೆ" ಅನ್ನುತ್ತಿದ್ದರು. ಜಗಳಕ್ಕೆ ಕಾರಣವೇ ಇರುತ್ತಿರಲಿಲ್ಲ.

5. ಹೇಳಲೇಬೇಕಾದರೆ ಐದು ವಿಷಯ ನೋಡಿಕೊಳ್ಳಿ

ಸುಮ್ಮನಿರುವುದೇ ದೊಡ್ಡ ಗುಣ ಅಂತ ನಾನು ಹೇಳುತ್ತಿಲ್ಲ. ಕೆಲವು ಮಾತು ಹೇಳಲೇಬೇಕು. ಚೆನ್ನಾಗಿ ಆಡಿದ ಮಾತಿಗೆ ಐದು ಗುಣ ಅಂತ ಬುದ್ಧ ಹೇಳಿದ್ದಾನೆ: ಸರಿಯಾದ ಸಮಯದಲ್ಲಿ ಆಡಿದ್ದು, ನಿಜವಾದದ್ದು, ಮೃದುವಾದದ್ದು, ಉಪಯೋಗಕ್ಕೆ ಬರುವಂಥದ್ದು, ಮೈತ್ರಿಯಿಂದ ಆಡಿದ್ದು. ಹಳಬರು ಸಾಮಾನ್ಯವಾಗಿ ಎಡವುವುದು ಮೊದಲನೆಯದರಲ್ಲಿ ಮತ್ತು ನಾಲ್ಕನೆಯದರಲ್ಲಿ. ಹೇಳಿದ್ದು ನಿಜವೇ ಇರುತ್ತದೆ, ಮೆಲ್ಲಗೇ ಹೇಳಿರುತ್ತಾರೆ. ಆದರೆ ಒಬ್ಬರು ತಮ್ಮ ಅನುಭವವನ್ನು ಆಸೆಯಿಂದ ಹಂಚಿಕೊಳ್ಳುತ್ತಿರುವಾಗ ನಡುವೆ ಬಾಯಿ ಹಾಕಿ ತಿದ್ದಿರುತ್ತಾರೆ. ಅಥವಾ ಆ ತಿದ್ದುಪಡಿಯಿಂದ ಅವರ ನಾಳಿನ ಧ್ಯಾನದಲ್ಲಿ ಏನೂ ವ್ಯತ್ಯಾಸ ಆಗುವಂತಿರುವುದಿಲ್ಲ. ಒಂದು ಪಾಲಿ ಪದದ ಉಚ್ಚಾರ ತಪ್ಪಾದರೆ ಏನಂತೆ, ಬಿಡಿ.

6. ಮೂರನೆಯವರ ಹತ್ತಿರ ಒಯ್ಯಬೇಡಿ

ನನಗೆ ಒಂದೇ ಹೆಜ್ಜೆ ಆರಿಸಿಕೊಳ್ಳಿ ಅಂದರೆ ಇದನ್ನೇ ಆರಿಸಿಕೊಳ್ಳುತ್ತೇನೆ. ಕಾರಣ ಕೋಸಂಬಿಯ ಪ್ರಸಂಗ.

ಬುದ್ಧನ ಕಾಲದ ಕೋಸಂಬಿ (ಕೌಶಾಂಬಿ) ನಗರದಲ್ಲಿ ಇಬ್ಬರು ಹಿರಿಯ ಭಿಕ್ಷುಗಳಿದ್ದರು. ಒಬ್ಬರು ಧರ್ಮ ಬೋಧಿಸುವುದರಲ್ಲಿ, ಇನ್ನೊಬ್ಬರು ವಿನಯದ, ಅಂದರೆ ಭಿಕ್ಷುಗಳ ನಡವಳಿಕೆಯ, ನಿಯಮಗಳಲ್ಲಿ ನುರಿತವರು. ಇಬ್ಬರಿಗೂ ದೊಡ್ಡ ಶಿಷ್ಯರ ಗುಂಪು. ಅಟ್ಠಕಥೆ, ಅಂದರೆ ಪಾಲಿ ವ್ಯಾಖ್ಯಾನ ಗ್ರಂಥ, ಹೇಳುವ ಹಾಗೆ, ಒಂದು ದಿನ ಧರ್ಮಬೋಧಕರು ಶೌಚದ ಮನೆಯಲ್ಲಿ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ಬಂದರು. ಆಮೇಲೆ ಒಳಗೆ ಹೋದ ವಿನಯದ ಪಂಡಿತರು ಅದನ್ನು ನೋಡಿ, "ನೀರು ಉಳಿಸಿದವರು ನೀವಾ?" ಅಂತ ಕೇಳಿದರು. ಹೌದು ಅಂದರು. ಅದು ದೋಷ ಅಂತ ಗೊತ್ತಿಲ್ಲವಾ? ಗೊತ್ತಿರಲಿಲ್ಲ, ದೋಷವಾದರೆ ಒಪ್ಪಿಕೊಳ್ಳುತ್ತೇನೆ. ಗೊತ್ತಿಲ್ಲದೆ, ಬೇಕಂತ ಮಾಡದೆ ಆಗಿದ್ದರೆ ದೋಷವಿಲ್ಲ ಬಿಡಿ ಅಂದರು ಪಂಡಿತರು.

ಅಷ್ಟೇ. ವಿಷಯ ಮುಗಿದಿತ್ತು. ಇಬ್ಬರೂ ಮರ್ಯಾದೆಯಿಂದಲೇ ಮಾತಾಡಿದ್ದರು. ಒಬ್ಬರು ತಪ್ಪೊಪ್ಪಿಕೊಳ್ಳಲು ತಯಾರಿದ್ದರು, ಇನ್ನೊಬ್ಬರು ಬೇಡ ಅಂದಿದ್ದರು. ಆದರೆ ವಿನಯದ ಪಂಡಿತರು ಹೋಗಿ ತಮ್ಮ ಶಿಷ್ಯರಿಗೆ, ದೋಷ ಮಾಡಿದರೂ ಅದು ದೋಷ ಅಂತ ಅವರಿಗೆ ತಿಳಿಯುವುದಿಲ್ಲ ಅಂದರು. ಆ ಶಿಷ್ಯರು ಈ ಶಿಷ್ಯರಿಗೆ, ನಿಮ್ಮ ಗುರುಗಳಿಗೆ ದೋಷ ಯಾವುದು ಅಂತಲೇ ಗೊತ್ತಿಲ್ಲ ಅಂದರು. ಮಾತು ಧರ್ಮಬೋಧಕರ ಕಿವಿಗೆ ಬಿತ್ತು. ಅವತ್ತು ದೋಷವಿಲ್ಲ ಅಂದವರು ಇವತ್ತು ಇದೆ ಅನ್ನುತ್ತಾರೆ, ಅವರು ಸುಳ್ಳುಗಾರರು ಅಂದರು ಅವರು. ಅಲ್ಲಿಂದ ಇಡೀ ಸಂಘ ಎರಡು ಪಾಲಾಯಿತು. ಸ್ವತಃ ಬುದ್ಧನೇ ಬುದ್ಧಿ ಹೇಳಿದರೂ ಕೇಳಲಿಲ್ಲ. ನೀವು ಆರಾಮವಾಗಿರಿ, ಈ ಜಗಳ ನಾವು ನೋಡಿಕೊಳ್ಳುತ್ತೇವೆ ಎಂಬರ್ಥದಲ್ಲಿ ಒಬ್ಬ ಭಿಕ್ಷು ಉತ್ತರ ಕೊಟ್ಟ. ಬುದ್ಧ ಒಬ್ಬನೇ ಎದ್ದು ಪಾರಿಲೇಯ್ಯಕದ ಕಾಡಿಗೆ ಹೊರಟುಹೋದ. ಕೊನೆಗೆ ಊರಿನ ಜನ ಈ ಭಿಕ್ಷುಗಳಿಗೆ ನಮಸ್ಕಾರ ಮಾಡುವುದನ್ನೂ ಭಿಕ್ಷೆ ಹಾಕುವುದನ್ನೂ ನಿಲ್ಲಿಸಿದಾಗ ಅವರ ಕಣ್ಣು ತೆರೆಯಿತು.

ಎಲ್ಲಿ ಕೆಟ್ಟಿತು ನೋಡಿ. ಇಬ್ಬರ ನಡುವಿನ ಮಾತಿನಲ್ಲಿ ಅಲ್ಲ. ಮುಗಿದ ಮಾತನ್ನು ಮೂರನೆಯವರಿಗೆ ಹೇಳಿದ್ದರಲ್ಲಿ. ನಮ್ಮ ಬಳಗಗಳಲ್ಲೂ ಹೀಗೇ. "ಅವರು ಹೀಗಂದ್ರು, ನಿಮಗೇನನಿಸುತ್ತೆ?" ಅಂತ ಗೆಳೆಯರಲ್ಲಿ ಕೇಳುತ್ತೇವೆ. ಸಲಹೆ ಕೇಳಿದ ಹಾಗೆ ಕಾಣುತ್ತದೆ, ನಿಜದಲ್ಲಿ ಪಕ್ಷ ಕಟ್ಟುತ್ತಿರುತ್ತೇವೆ. ನಿಮಗೆ ನಿಜಕ್ಕೂ ಸಲಹೆ ಬೇಕಿದ್ದರೆ ಬಳಗಕ್ಕೆ ಸಂಬಂಧವೇ ಇಲ್ಲದವರನ್ನು, ಎದುರಿನವರ ಹೆಸರು ಹೇಳದೆ ಕೇಳಿ. ಬೇರೆಯವರು ನಿಮ್ಮ ಹತ್ತಿರ ಇಂಥ ಮಾತು ತಂದರೆ "ಇದನ್ನ ಅವರಿಗೇ ಹೇಳಿದ್ರಾ?" ಅಂತ ಕೇಳಿ, ಅಲ್ಲಿಗೆ ನಿಲ್ಲಿಸಿ.

ಅದೇ ಸಮಯದಲ್ಲಿ ಬುದ್ಧ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಷುಗಳನ್ನು ನೋಡಲು ಹೋದ. ಒಟ್ಟಿಗೆ ಹೇಗಿದ್ದೀರಿ ಅಂತ ಕೇಳಿದ. ಅವರು ಕೊಟ್ಟ ಉತ್ತರದಲ್ಲಿ ದೊಡ್ಡ ತತ್ವವೇನೂ ಇಲ್ಲ. ಮೊದಲು ಬಂದವರು ಆಸನ ಹಾಸುತ್ತೇವೆ, ನೀರು ತೆಗೆದಿಡುತ್ತೇವೆ. ಕೊನೆಗೆ ಬಂದವರು ಜಾಗ ಗುಡಿಸುತ್ತೇವೆ. ಕುಡಿಯುವ ನೀರಿನದಾಗಲಿ ಶೌಚದ ನೀರಿನದಾಗಲಿ ಯಾವ ಪಾತ್ರೆ ಖಾಲಿ ಇದೆ ಅಂತ ಕಂಡವರು ತುಂಬಿಸುತ್ತೇವೆ, ಒಬ್ಬರ ಕೈಲಿ ಆಗದಿದ್ದರೆ ಕೈಸನ್ನೆ ಮಾಡಿ ಇನ್ನೊಬ್ಬರನ್ನು ಕರೆಯುತ್ತೇವೆ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧರ್ಮದ ಬಗ್ಗೆ ಮಾತಾಡುತ್ತೇವೆ. ಕೋಸಂಬಿಯಲ್ಲಿ ಒಂದು ಪಾತ್ರೆ ನೀರಿಗೆ ಸಂಘ ಒಡೆಯಿತು. ಇಲ್ಲಿ ಖಾಲಿ ಪಾತ್ರೆ ಕಂಡವರು ಯಾರು ಖಾಲಿ ಮಾಡಿದ್ದು ಅಂತ ಕೇಳದೆ ತುಂಬಿಸಿದರು. ನಿಮ್ಮ ಬಳಗದಲ್ಲಿ ಚಾಪೆ ಮಡಿಸುವುದು, ಬಾಗಿಲು ಹಾಕುವುದು, ಗಂಟೆ ಹೊಡೆಯುವುದು ಸದಾ ಒಬ್ಬರ ತಲೆ ಮೇಲೇ ಬೀಳುತ್ತಿದೆಯಾ ನೋಡಿ. ಬಿದ್ದಿದ್ದರೆ ಒಳಗೊಳಗೇ ಬೇಸರ ಕೂಡಿರುತ್ತದೆ. ಅದು ಒಂದು ದಿನ ಝಾನದ ಚರ್ಚೆಯಾಗಿ ಹೊರಗೆ ಬರುತ್ತದೆ.

7. ಯಾರು ಎಲ್ಲಿಗೆ ಮುಟ್ಟಿದ್ದಾರೆ ಎಂಬ ಮಾತನ್ನು ಬಿಡಿ

ತಾನು ಸೋತಾಪನ್ನ, ಅಂದರೆ ಜ್ಞಾನೋದಯದ ಮೊದಲ ಹಂತ ಮುಟ್ಟಿದವನು, ಅಂತ ಒಬ್ಬರು ಹೇಳಿಕೊಳ್ಳುತ್ತಾರೆ, ಅಲ್ಲ ಅಂತ ಇನ್ನೊಬ್ಬರು ಸಾಧಿಸುತ್ತಾರೆ. ಇಂಥ ಜಗಳ ಬಗೆಹರಿಯುವುದೇ ಇಲ್ಲ, ಯಾಕೆಂದರೆ ಅಳೆಯುವ ಕೋಲು ಯಾರ ಕೈಲೂ ಇಲ್ಲ. ಇದು ಎಷ್ಟು ಅಪಾಯ ಅಂತ ವಿನಯದ ನಿಯಮ ಮಾಡಿದವರಿಗೆ ಗೊತ್ತಿತ್ತು. ಇಲ್ಲದ ಸಿದ್ಧಿ ಇದೆ ಅಂತ ಗೊತ್ತಿದ್ದೂ ಸುಳ್ಳು ಹೇಳಿದ ಭಿಕ್ಷು ಸಂಘದಿಂದಲೇ ಹೊರಗೆ. ಇನ್ನೂ ಮುಖ್ಯವಾದದ್ದು ಇದು: ನಿಜವಾಗಿ ಸಿದ್ಧಿ ಇದ್ದರೂ ದೀಕ್ಷೆ ಪಡೆಯದವರಿಗೆ ಅದನ್ನು ಹೇಳಿದರೆ ಅದೂ ದೋಷವೇ. ನಾವು ಭಿಕ್ಷುಗಳಲ್ಲ ನಿಜ. ಆದರೂ ಈ ನಿಯಮದಿಂದ ಕಲಿಯಬಹುದು. ಎಷ್ಟು ಶಿಬಿರ ಮುಗಿಸಿದೆ, ಎಷ್ಟು ಗಂಟೆ ಅಲುಗಾಡದೆ ಕೂತೆ ಎಂಬ ಲೆಕ್ಕವನ್ನೂ ಇದರ ಜೊತೆಗೇ ಬಿಡಿ. ಚರ್ಚೆಯ ನಡುವೆ ಆ ಲೆಕ್ಕ ಬಂತು ಅಂದರೆ ಒಬ್ಬರು ಇನ್ನೊಬ್ಬರನ್ನು ಕೆಳಗೆ ಕೂರಿಸುತ್ತಿದ್ದಾರೆ ಅಂತಲೇ ಅರ್ಥ.

ನಿಮ್ಮ ಅನುಭವ ಏನು ಅಂತ ನಿಜವಾಗಿ ತಿಳಿಯಬೇಕಿದ್ದರೆ ನಿಮಗೆ ಕಲಿಸುವವರ ಹತ್ತಿರ ಒಬ್ಬರೇ ಹೋಗಿ ಕೇಳಿ.

8. ಆಗಿಹೋದ ಜಗಳವನ್ನು ಮುಗಿಸುವುದು

ಆಗಿಹೋಗಿದೆ, ಇಬ್ಬರೂ ಮುಖ ತಿರುಗಿಸಿಕೊಂಡು ಕೂರುತ್ತಿದ್ದೀರಿ ಅಂದುಕೊಳ್ಳಿ. ನಿಮ್ಮ ಪಾಲಿನ ತಪ್ಪನ್ನು ಮಾತ್ರ ಎತ್ತಿಕೊಂಡು ಹೋಗಿ. "ಅವತ್ತು ನಿಮ್ಮ ಮನಸ್ಸಿನ ಬಗ್ಗೆ ನಾನು ಮಾತಾಡಬಾರದಿತ್ತು. ಕ್ಷಮಿಸಿ." ಇಲ್ಲಿಗೆ ನಿಲ್ಲಿಸಿ. "ಆದರೆ ನೀವೂ..." ಅಂತ ಮುಂದುವರಿಸಿದರೆ ಕ್ಷಮೆ ಕೇಳಿದ್ದೂ ದಂಡ. ಅವರು ತಮ್ಮ ಪಾಲನ್ನು ಹೇಳದಿದ್ದರೂ ಪರವಾಗಿಲ್ಲ.

ಹಲವರು ಸೇರಿಕೊಂಡ ಜಗಳವಾದರೆ ಯಾರು ಮೊದಲು ಏನಂದರು ಅಂತ ಕೆದಕುವುದರಿಂದ ಗಾಯ ಜಾಸ್ತಿಯಾಗುತ್ತದೆ. ಭಿಕ್ಷುಗಳ ನಿಯಮಗಳಲ್ಲಿ ವಿವಾದ ಬಗೆಹರಿಸಲು ಏಳು ದಾರಿಗಳಿವೆ. ಕೊನೆಯದರ ಹೆಸರು ತಿಣವತ್ಥಾರಕ, ಹುಲ್ಲಿನಿಂದ ಮುಚ್ಚುವುದು ಅಂತ. ಎರಡೂ ಕಡೆಯವರು ಒಂದೆಡೆ ಸೇರುತ್ತಾರೆ. ಪ್ರತಿ ಪಕ್ಷದಿಂದ ಒಬ್ಬರು ಎದ್ದು ತಮ್ಮ ಮತ್ತು ತಮ್ಮವರೆಲ್ಲರ ತಪ್ಪನ್ನು ಒಟ್ಟಿಗೆ ಒಪ್ಪಿಕೊಳ್ಳುತ್ತಾರೆ. ಬಿಡಿಬಿಡಿಯಾಗಿ ಯಾವುದನ್ನೂ ಕೆದಕುವುದಿಲ್ಲ. ಗಂಭೀರ ಅಪರಾಧಗಳಿಗೆ ಮಾತ್ರ ಈ ದಾರಿ ಸಲ್ಲುವುದಿಲ್ಲ. ಬಳಗದಲ್ಲೂ ಇದನ್ನು ಹಾಗೇ ಮಾಡಬಹುದು.

ಮೈತ್ರಿ ಧ್ಯಾನ, ಅಂದರೆ ಒಬ್ಬೊಬ್ಬರಿಗೂ ಒಳ್ಳೆಯದನ್ನು ಹಾರೈಸುವ ಧ್ಯಾನ, ಮಾಡುವವರಿಗೆ ಒಂದು ಮಾತು. ಹಳೆಯ ಕ್ರಮದಲ್ಲಿ ಮೊದಲು ತನಗೆ, ಆಮೇಲೆ ಗೌರವದ ಗುರುಗಳಿಗೆ, ಪ್ರೀತಿಯ ಗೆಳೆಯರಿಗೆ, ಪರಿಚಯವಷ್ಟೇ ಇರುವವರಿಗೆ, ಎಲ್ಲರಿಗಿಂತ ಕೊನೆಗೆ ಮನಸ್ತಾಪ ಇರುವವರಿಗೆ. ಸಿಟ್ಟು ಹಸಿಯಾಗಿರುವಾಗ ನೇರ ಕೊನೆಯವರಿಗೆ ಹಾರಬೇಡಿ. "ಪಾಪ, ಅವರಿಗೆ ಬುದ್ಧಿ ಬರಲಿ" ಎಂಬ ಕನಿಕರ ಮೈತ್ರಿಯ ವೇಷದಲ್ಲಿ ಬಂದುಬಿಡುತ್ತದೆ. ನೀವು ಅವರಿಗೆ ಮೈತ್ರಿ ಮಾಡಿದ್ದನ್ನು ಅವರಿಗೆ ತಿಳಿಸಲೂಬೇಡಿ.

ಇದನ್ನು ಸಣ್ಣ ಜಗಳ ಅನ್ನಬೇಡಿ

ಮೇಲೆ ಹೇಳಿದ್ದೆಲ್ಲ ಸಣ್ಣಪುಟ್ಟ ಜಗಳಕ್ಕೆ. ಗುರುಗಳಾಗಲಿ ಹಿರಿಯರಾಗಲಿ ಯಾರನ್ನಾದರೂ ದುರುಪಯೋಗ ಮಾಡಿಕೊಂಡಿದ್ದಾರೆ, ಹಣದಲ್ಲಿ ಮೋಸವಾಗಿದೆ, ಒಬ್ಬರನ್ನು ಎಲ್ಲರೂ ಸೇರಿ ಹೀಯಾಳಿಸುತ್ತಿದ್ದಾರೆ ಅಂದರೆ ಅದು ಬೇರೆ ಮಾತು. ಅಲ್ಲಿ "ಮೂರನೆಯವರಿಗೆ ಹೇಳಬೇಡಿ" ಎಂಬ ಸಲಹೆ ಸಲ್ಲುವುದಿಲ್ಲ. ಹೇಳಲೇಬೇಕು, ಅಗತ್ಯ ಬಿದ್ದರೆ ಬಳಗದ ಹೊರಗೆ ಪೊಲೀಸರಿಗೂ ಹೇಳಬೇಕು. ಸಮಚಿತ್ತದ ಹೆಸರಲ್ಲಿ ಬಾಯಿ ಮುಚ್ಚಿಸುವುದು ಅನ್ಯಾಯ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ತೀವ್ರ ಧ್ಯಾನದ ನಂತರ ಕೆಲವರಿಗೆ ದಿನಗಟ್ಟಲೆ ನಿದ್ದೆ ಬರುವುದಿಲ್ಲ, ವಿಪರೀತ ಭಯವಾಗುತ್ತದೆ, ತಾನು ತಾನಲ್ಲ, ಸುತ್ತಲಿನದು ನಿಜವಲ್ಲ ಅನಿಸತೊಡಗುತ್ತದೆ. ಅವರು ಅದನ್ನು ಹೇಳಿಕೊಂಡಾಗ, ಒಬ್ಬರು "ಇದು ಶುದ್ಧೀಕರಣ, ಇನ್ನೂ ಜಾಸ್ತಿ ಕೂತ್ಕೊಳ್ಳಿ" ಅನ್ನುತ್ತಾರೆ, ಇನ್ನೊಬ್ಬರು "ಪದ್ಧತಿಯೇ ತಪ್ಪು" ಅನ್ನುತ್ತಾರೆ. ಇಬ್ಬರೂ ವಾದಕ್ಕೆ ಇಳಿಯುತ್ತಾರೆ. ಕಷ್ಟದಲ್ಲಿರುವವರನ್ನು ಮರೆತೇಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಾದ ನಿಲ್ಲಿಸಿ, ಅವರ ಜೊತೆ ಇರಿ. ತೀವ್ರ ಅಭ್ಯಾಸವನ್ನು ಸದ್ಯಕ್ಕೆ ನಿಲ್ಲಿಸಲು ಹೇಳಿ. ಕಲಿಸಿದವರಿಗೆ ತಿಳಿಸಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಲೇಬೇಡಿ.

9. ಬಳಗ ನಡೆಸುವವರಿಗೆ

ಮಾತುಕತೆಗೆ ಎರಡೇ ನಿಯಮ ಇಡಿ, ಜಾಸ್ತಿ ಬೇಡ. ಪ್ರತಿಯೊಬ್ಬರೂ ತಮ್ಮ ಅನುಭವ ಮಾತ್ರ ಹೇಳುವುದು. ಕೇಳದೆ ಯಾರಿಗೂ ಸಲಹೆ ಕೊಡದಿರುವುದು. ಯಾರಾದರೂ ಮೀರಿದರೆ ಎಲ್ಲರ ಮುಂದೆ ತಿದ್ದದೆ ಆಮೇಲೆ ಪಕ್ಕಕ್ಕೆ ಕರೆದು ಹೇಳಿ. ಧ್ಯಾನ ಮುಗಿದ ಕೂಡಲೇ ಚರ್ಚೆ ಇಡಬೇಡಿ, ಆ ಹೊತ್ತಿನಲ್ಲಿ ಮನಸ್ಸು ತೆರೆದಿರುತ್ತದೆ, ಸಣ್ಣ ಮಾತೂ ಆಳಕ್ಕೆ ಇಳಿಯುತ್ತದೆ. ಸ್ವಲ್ಪ ಹೊತ್ತು ಮನೆ, ಕೆಲಸ, ಆರೋಗ್ಯ ಅಂತ ಮಾತಾಡಲು ಬಿಡಿ.

ವರ್ಷಕ್ಕೊಮ್ಮೆ ಪವಾರಣೆಯಂಥದ್ದನ್ನು ಮಾಡಿ. ಮೂರು ತಿಂಗಳ ಮಳೆಗಾಲದ ವಾಸ ಮುಗಿದಾಗ ಭಿಕ್ಷುಗಳು ಒಟ್ಟಿಗೆ ಕೂತು, ನನ್ನಲ್ಲಿ ಏನಾದರೂ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೆ ಕರುಣೆಯಿಟ್ಟು ಹೇಳಿ ಅಂತ ಸಂಘವನ್ನು ಕೇಳಿಕೊಳ್ಳುತ್ತಾರೆ. ಎಲ್ಲರಿಗಿಂತ ಹಿರಿಯರು ಮೊದಲು ಕೇಳಿಕೊಳ್ಳಬೇಕು. ಈ ಕ್ರಮವನ್ನು ಬದಲ್ ಮಾಡಬೇಡಿ, ಇದರ ಬಲವೇ ಅಲ್ಲಿದೆ. ಹಳಬರು ಕೇಳಿಕೊಂಡ ಮೇಲೆ ಹೊಸಬರಿಗೆ ಧೈರ್ಯ ಬರುತ್ತದೆ. ಹೇಳುವವರು ಒಂದು ಘಟನೆ ಮಾತ್ರ ಹೇಳಲಿ, ಸ್ವಭಾವದ ಬಗ್ಗೆ ಬೇಡ: "ಹೋದ ತಿಂಗಳು ನಾನು ಮಾತಾಡುವಾಗ ನೀವು ನಡುವೆ ತಡೆದ್ರಿ" ಅನ್ನುವಷ್ಟು. ಕೇಳಿಸಿಕೊಂಡವರು "ಸರಿ, ಕೇಳಿಸಿಕೊಂಡೆ" ಅಂದರೆ ಸಾಕು, ಆ ದಿನ ಸಮಜಾಯಿಷಿ ಬೇಡ. ಮೊದಲ ವರ್ಷ ಯಾರೂ ಏನೂ ಹೇಳದೇ ಇರಬಹುದು. ಎರಡನೇ ವರ್ಷವೂ ಇಟ್ಟುಕೊಳ್ಳಿ.